ಚಪ್ಪರದ ಖರ್ಚು ಯಾರ ಲೆಕ್ಕದಲ್ಲಿ?

ಮಾಕಳಿದುರ್ಗ ಅಂದ್ರೆ ಬೆಂಗಳೂರಿನ ಐಟಿ ಮಂದಿಗೆ ನೆನಪಾಗೋದು ಟ್ರೆಕ್ಕಿಂಗ್. ಶನಿವಾರ ಬೆಳಗ್ಗೆ ಎದ್ದು 60 ಕಿಲೋಮೀಟರ್ ಬೈಕ್ ಓಡಿಸಿ, ರೈಲು ಹಳಿ ದಾಟಿ, ಬೆಟ್ಟ ಹತ್ತಿ, ಹಾಳು ಕೋಟೆಯ ಗೋಡೆ ಪಕ್ಕ ನಿಂತು ಫೋಟೋ ತೆಗೆಸ್ಕೊಂಡು ವಾಪಸ್ ಬರೋದು. ಕೆಳಗೆ ಬೆಟ್ಟವನ್ನು ಬಳಸಿಕೊಂಡು ಹೋಗೋ ರೈಲಿನದ್ದೂ ಒಂದು ವಿಡಿಯೋ ಆಗ್ಲೇಬೇಕು. ತಪ್ಪೇನಿಲ್ಲ, ಬೆಟ್ಟ ಇರೋದೇ ಹತ್ತೋದಕ್ಕೆ. ಆದರೆ ಈ ಬೆಟ್ಟದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನಮ್ಮ ಸೀಮೆಯ ಅತಿ ಹಳೆಯ ಮಾರ್ಕೆಟಿಂಗ್ ಪಾಠಶಾಲೆ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ.

ಪುಷ್ಯ ಶುದ್ಧ ಷಷ್ಠಿಗೆ ಘಾಟಿಯಲ್ಲಿ ತೇರು. ಅದಕ್ಕೆ ಮುಂಚೆ, ಸಾಮಾನ್ಯವಾಗಿ ಡಿಸೆಂಬರ್ ತಿಂಗಳಲ್ಲಿ, ದನಗಳ ಜಾತ್ರೆ ಸೇರುತ್ತೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ರೈತರಲ್ಲದೆ ಅಕ್ಕಪಕ್ಕದ ಜಿಲ್ಲೆಗಳವರೂ ಹಳ್ಳಿಕಾರ್ ಎತ್ತು, ಹೋರಿಗಳನ್ನು ತಂದು ಕಟ್ಟುತ್ತಾರೆ. ಕೊಳ್ಳೋರು ಉತ್ತರ ಕರ್ನಾಟಕದಿಂದ, ಆಂಧ್ರದಿಂದ, ತಮಿಳುನಾಡಿನಿಂದ ಬರುತ್ತಾರೆ. ನಮ್ಮದು ಇದೇ ತಾಲೂಕಿನ ಹಳ್ಳಿ, ಹಾಗಾಗಿ ಈ ಜಾತ್ರೆಯನ್ನ ಚಿಕ್ಕಂದಿನಿಂದ ನೋಡಿದ್ದೀನಿ. ಆಗ ನನ್ನ ಗಮನವೆಲ್ಲ ಕಡಲೆಪುರಿ, ಬತ್ತಾಸಿನ ಕಡೆ ಇರ್ತಿತ್ತು. ಇಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, ಪ್ರಾಡಕ್ಟ್ ಮೀಟಿಂಗುಗಳಲ್ಲಿ ಮಾರ್ಕೆಟಿಂಗ್ ತಂಡದವರ ಬಜೆಟ್ ಸ್ಲೈಡುಗಳನ್ನ ನೋಡೋಕೆ ಶುರು ಮಾಡಿದ ಮೇಲೇ ಜಾತ್ರೆಯಲ್ಲಿ ನಿಜಕ್ಕೂ ಏನು ನಡೀತಿತ್ತು ಅಂತ ಅರ್ಥ ಆಗಿದ್ದು.

ಎತ್ತು ಮಾರೋಕೆ ಬಂದ ರೈತನ ಖರ್ಚಿನ ಪಟ್ಟಿ ನೋಡಿ. ಹಾಲುಹಲ್ಲಿನ ಕರುಗಳನ್ನ ಜೋಡಿ ನೋಡಿ ಕೊಂಡು ತಂದು, ತಿಂಗಳುಗಟ್ಟಲೆ ಹುರುಳಿ, ಹಿಂಡಿ, ಬೂಸ ಹಾಕಿ ಮೈ ತುಂಬಿಸ್ತಾನೆ. ಇದು ಸರಕಿನ ಖರ್ಚು. ಆಮೇಲೆ ಲಾರಿಯೋ ಟೆಂಪೋನೋ ಮಾಡಿಕೊಂಡು ಜಾತ್ರೆಗೆ ತರ್ತಾನೆ. ಅಲ್ಲಿಂದ ಮುಂದಿನದೇ ಕುತೂಹಲದ ಭಾಗ. ಬೆಲೆಬಾಳೋ ಜೋಡಿ ಇದ್ದವನು ಬಯಲಲ್ಲಿ ಕಟ್ಟೋದಿಲ್ಲ. ಶಾಮಿಯಾನ ಹಾಕಿಸಿ, ಸೀರಿಯಲ್ ಲೈಟು ಬಿಟ್ಟು, ನೆಲಕ್ಕೆ ಹುಲ್ಲು ಹಾಸಿ, ಮದುವೆ ಮನೆಯಂಥ ಚಪ್ಪರ ಮಾಡಿಸ್ತಾನೆ. ಕೊಂಬಿಗೆ ಅಲಂಕಾರ, ಬೆನ್ನಿಗೆ ಬಣ್ಣದ ಬಟ್ಟೆ, ಕೊರಳಿಗೆ ಹೂವಿನ ಹಾರ. ತಮಟೆ, ವಾದ್ಯದ ಜೊತೆ ಜಾತ್ರೆ ಬೀದಿಯಲ್ಲಿ ಮೆರವಣಿಗೆ. ಕೆಲವರ ಜೋಡಿಗೆ ಲಕ್ಷಗಟ್ಟಲೆ ಬೆಲೆ ಹೇಳ್ತಾರೆ. ಚಪ್ಪರಕ್ಕೂ ಮೆರವಣಿಗೆಗೂ ಆಗೋ ಖರ್ಚು ಆ ಬೆಲೆಯೊಳಗೇ ಕೂತಿರುತ್ತೆ.

ಅದೇ ಜಾತ್ರೆಯಲ್ಲಿ ಉಳುಮೆಗೆ ಆಗೋ ಸಾಧಾರಣ ಜೋಡಿ ತಂದ ಇನ್ನೊಬ್ಬ ರೈತ ಹುಣಸೇಮರದ ಕೆಳಗೆ ಗೂಟ ಹೊಡೆದು ಕಟ್ಟಿರ್ತಾನೆ. ಚಪ್ಪರ ಇಲ್ಲ, ತಮಟೆ ಇಲ್ಲ. ಅವನಿಗೆ ಮಾರ್ಕೆಟಿಂಗ್ ಗೊತ್ತಿಲ್ಲ ಅಂದ್ಕೋಬೇಡಿ. ಅವನ ಜೋಡಿಯಲ್ಲಿ ಸಿಗೋ ಲಾಭ ಚಪ್ಪರದ ಬಾಡಿಗೆಯನ್ನ ಹೊರೋದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಅವನು ದಲ್ಲಾಳಿಯನ್ನ ನಂಬ್ತಾನೆ. ದಲ್ಲಾಳಿ ಕೊಳ್ಳೋನನ್ನ ಕರ್ಕೊಂಡು ಬಂದು, ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ, ತನ್ನ ಪಾಲು ತಗೊಂಡು ಹೋಗ್ತಾನೆ.

ಇಬ್ಬರೂ ಕೊಳ್ಳುವವನನ್ನು ಹುಡುಕೋದಕ್ಕೆ ದುಡ್ಡು ಕೊಟ್ಟಿದ್ದಾರೆ. ಒಬ್ಬ ಮೊದಲೇ ಕೊಟ್ಟ, ತನ್ನ ಕೈಯಿಂದಲೇ ಕೊಟ್ಟ. ಇನ್ನೊಬ್ಬ ಆಮೇಲೆ ಕೊಟ್ಟ, ಬಂದ ಬೆಲೆಯಲ್ಲಿ ಮುರಿದು ಕೊಟ್ಟ. ಸಣ್ಣ ವ್ಯಾಪಾರದ ಮಾರ್ಕೆಟಿಂಗ್ ಬಜೆಟ್ ಬಗ್ಗೆ ನಾನು ಹೇಳಬೇಕಾಗಿರೋ ಮಾತು ಇಷ್ಟೇ: ಈ ಖರ್ಚಿನಿಂದ ತಪ್ಪಿಸಿಕೊಂಡ ವ್ಯಾಪಾರಿ ಇಲ್ಲ. ಅದನ್ನ ನೀವು ನಿಮ್ಮ ಪುಸ್ತಕದಲ್ಲಿ ಬರೀತೀರೋ, ಇನ್ನೊಬ್ಬರು ನಿಮ್ಮ ಬೆಲೆಯಲ್ಲಿ ಮುರ್ಕೋತಾರೋ ಅನ್ನೋದಷ್ಟೇ ವ್ಯತ್ಯಾಸ. ನಮ್ಮ ರಾಜ್ಯದ ಚರಿತ್ರೆಯಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷಿ ಇದೆ.

ಮರ ಮಾರಿದ ರಾಜ್ಯ

ಮೈಸೂರು ಸಂಸ್ಥಾನ ಬಹಳ ಕಾಲ ಘಾಟಿಯ ಆ ಎರಡನೇ ರೈತನ ಹಾಗೇ ಇತ್ತು. ಶ್ರೀಗಂಧದ ಮರ ನಮ್ಮದು, ಕಾಡು ನಮ್ಮದು, ಕಾವಲೂ ನಮ್ಮದು. ಮರ ಮಾತ್ರ ಹರಾಜಿನಲ್ಲಿ ಹೋಗ್ತಿತ್ತು. ಎಣ್ಣೆ ತೆಗೆಯೋ ಕೆಲಸ ಹೆಚ್ಚಾಗಿ ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ ಆಗ್ತಿತ್ತು. ಸುಗಂಧ ದ್ರವ್ಯದ ಬಾಟಲಿಯ ಮೇಲೆ ಯಾರ ಹೆಸರಿತ್ತೋ ಅವರಿಗೆ ದೊಡ್ಡ ಪಾಲು. ಮರ ಕೊಟ್ಟವರಿಗೆ ಮರದ ಬೆಲೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿಗೆ ಹೋಗುತ್ತಿದ್ದ ಮರ ನಿಂತಿತು. ಗೋದಾಮಿನಲ್ಲಿ ಗಂಧದ ಕೊರಡು ರಾಶಿ ಬಿತ್ತು. ದಿವಾನ್ ವಿಶ್ವೇಶ್ವರಯ್ಯನವರ ಕಾಲ ಅದು. ಕೈಗಾರಿಕಾ ಇಲಾಖೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಇದ್ದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಇವತ್ತಿನ ಐಐಎಸ್‌ಸಿಯ, ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ವಿಧಾನಕ್ಕೆ ನೆರವಾದರು. 1916ರಲ್ಲಿ ಸಂಸ್ಥಾನವೇ ಗಂಧದೆಣ್ಣೆ ತಯಾರಿಸತೊಡಗಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನು ಮಾಡೋ ವಿದ್ಯೆ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದರು. ಅವರು ಬಂದ ಮೇಲೆ 1918ರ ಹೊತ್ತಿಗೆ ಮೈಸೂರ್ ಸ್ಯಾಂಡಲ್ ಸೋಪು ಹೊರಗೆ ಬಂತು.

ಸಾಬೂನು ಮಾಡೋದು ಅರ್ಧ ಕೆಲಸ. ಆ ಕಾಲದ ಅಂಗಡಿಯಲ್ಲಿ ವಿಲಾಯತಿ ಸಾಬೂನುಗಳದ್ದೇ ದರ್ಬಾರು. ಅವುಗಳ ಹಿಂದೆ ಎಂಥಾ ದುಡ್ಡಿತ್ತು ಅಂತ ಒಂದು ಉದಾಹರಣೆ ಹೇಳ್ತೀನಿ. ಪಿಯರ್ಸ್ ಕಂಪನಿಗೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಥಾಮಸ್ ಬ್ಯಾರೆಟ್ ಅನ್ನೋವ್ರು ಜಾಹೀರಾತಿನ ಯಜಮಾನ. ಅವರು ಬರೋದಕ್ಕೆ ಮುಂಚೆ ವರ್ಷಕ್ಕೆ 80 ಪೌಂಡ್ ಇದ್ದ ಜಾಹೀರಾತು ಖರ್ಚು ಅವರ ಕಾಲದಲ್ಲಿ 1 ಲಕ್ಷ ಪೌಂಡ್ ದಾಟಿತು ಅನ್ನೋ ಲೆಕ್ಕ ಪ್ರಸಿದ್ಧವಾಗಿದೆ. ಮಿಲೇ ಅನ್ನೋ ದೊಡ್ಡ ಕಲಾವಿದ ಬರೆದ, ಸೋಪಿನ ಗುಳ್ಳೆ ಊದೋ ಹುಡುಗನ ಚಿತ್ರಪಟದ ಹಕ್ಕನ್ನೇ ಕೊಂಡು, ಅದರಲ್ಲಿ ತಮ್ಮ ಸಾಬೂನು ಸೇರಿಸಿ ಜಾಹೀರಾತು ಮಾಡಿದ ಪುಣ್ಯಾತ್ಮ ಅವರು. ಇಂಥವರ ಎದುರಿಗೆ ದುಡ್ಡಿಗೆ ದುಡ್ಡು ಸುರಿದು ಗೆಲ್ಲೋದು ಮೈಸೂರಿನ ಹೊಸ ಸಾಬೂನಿಗೆ ಆಗದ ಮಾತು.

ಹಾಗಾಗಿ ಮೊದಲ ಖರ್ಚು ಸರಕಿನ ಮೇಲೇ ಬಿತ್ತು. ಚೌಕದ ಸಾಬೂನುಗಳ ನಡುವೆ ಮೊಟ್ಟೆಯಾಕಾರದ ಬಿಲ್ಲೆ. ಒಡವೆ ಇಡೋ ಪೆಟ್ಟಿಗೆಯಂಥ ಡಬ್ಬಿ. ಗುರುತಾಗಿ ಶರಭ, ಅಂದರೆ ಸಿಂಹದ ಮೈ, ಆನೆಯ ತಲೆ. ಆಮೇಲೆ ಊರೂರಲ್ಲಿ ಬೋರ್ಡುಗಳು, ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಸಾಬೂನಿನ ಚಿತ್ರ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿ ಈ ಸಾಬೂನಿನ ಪ್ರಚಾರ ಮಾಡಿದ್ದೂ ಇದೆ. ಘಾಟಿಯಲ್ಲಿ ಹೋರಿ ಮೆರವಣಿಗೆ ನೋಡಿ ಬೆಳೆದವನಿಗೆ ಕರಾಚಿಯ ಒಂಟೆಗಳು ಹೊಸದೇನಲ್ಲ. ಅಲ್ಲಿನ ಜನ ಯಾವ ಮೆರವಣಿಗೆ ಅಂದ್ರೆ ನಿಂತು ನೋಡ್ತಾರೋ ಅದನ್ನೇ ಮಾಡಿದರು.

ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣ ಅನ್ನೋ ಆಯ್ಕೆಯನ್ನ ಸ್ವಲ್ಪ ಯೋಚನೆ ಮಾಡಿ. ಟ್ರಾಮಿನಲ್ಲಿ ಓಡಾಡೋನು ನಗರದವನು, ಕೈಯಲ್ಲಿ ನಾಲ್ಕು ಕಾಸು ಇರೋನು. ಬೆಂಕಿಪೊಟ್ಟಣ ದಿನಕ್ಕೆ ಹತ್ತು ಸಲ ಕೈಗೆ ಬರುತ್ತೆ. ಕೊಳ್ಳೋನು ಯಾರು, ಅವನ ಕಣ್ಣು ಎಲ್ಲಿ ಬೀಳುತ್ತೆ ಅಂತ ಮೊದಲು ಕೇಳಿ, ಆಮೇಲೆ ಕಾಸು ಬಿಚ್ಚಿದ ಹಾಗಿದೆ ಈ ಲೆಕ್ಕ.

ನೂರು ವರ್ಷ ಆದಮೇಲೆ ಇದೇ ಸಾಬೂನಿನ ಮಾರ್ಕೆಟಿಂಗ್ ಖರ್ಚು ಮತ್ತೆ ಬೀದಿ ಚರ್ಚೆ ಆಯ್ತು. 2025ರ ಮೇ ತಿಂಗಳಲ್ಲಿ ಕೆಎಸ್‌ಡಿಎಲ್ ಸಂಸ್ಥೆ ನಟಿ ತಮನ್ನಾ ಭಾಟಿಯಾ ಅವರನ್ನ ಎರಡು ವರ್ಷ ಎರಡು ದಿನಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿಕೊಂಡಾಗ, ಕನ್ನಡದವರೇ ಯಾಕಾಗಲಿಲ್ಲ ಅನ್ನೋ ಪ್ರಶ್ನೆ ಎದ್ದಿತು. ಕರ್ನಾಟಕದ ಹೊರಗಿನ ಮಾರುಕಟ್ಟೆ ಗುರಿ ಅಂತ ಸರ್ಕಾರ ಹೇಳಿತು. ಆ ವಾದದಲ್ಲಿ ನೀವು ಯಾವ ಪಕ್ಷದಲ್ಲಾದರೂ ಇರಿ, ಅಂಕಿಯನ್ನು ಮಾತ್ರ ಒಂದು ಸಲ ನೋಡಿ. ವರ್ಷಕ್ಕೆ ಸುಮಾರು 3.1 ಕೋಟಿ. ಸಂಸ್ಥೆಯ ವಹಿವಾಟು ಆಗ 1,700 ಕೋಟಿ ದಾಟಿತ್ತು. ಅಂದ್ರೆ ನೂರು ರೂಪಾಯಿ ವ್ಯಾಪಾರಕ್ಕೆ 20 ಪೈಸೆಗೂ ಕಡಿಮೆ. 6.2 ಕೋಟಿ ಅಂದಾಗ ಬೆಟ್ಟ, 20 ಪೈಸೆ ಅಂದಾಗ ಕಡ್ಡಿ. ಆದರೆ ಎರಡು ಅಂಕಿಯೂ ಈ ಖರ್ಚು ಸರಿಯೋ ತಪ್ಪೋ ಅಂತ ಹೇಳೋದಿಲ್ಲ. ಹೊರರಾಜ್ಯದಲ್ಲಿ ಸಾಬೂನು ಎಷ್ಟು ಜಾಸ್ತಿ ಖರ್ಚಾಯ್ತು ಅನ್ನೋದು ಮಾತ್ರ ಹೇಳುತ್ತೆ.

ಅಡುಗೆಮನೆ ಮೂಲಕ ದಾರಿ

ಸಂಸ್ಥಾನದ ಹಿಂದೆ ಖಜಾನೆ ಇತ್ತು, ಸಣ್ಣ ವ್ಯಾಪಾರಿಗೆ ಅದೆಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ಹಾಗಾದ್ರೆ ಲಾಲ್‌ಬಾಗ್ ರಸ್ತೆಗೆ ಬನ್ನಿ. ಎಂಟಿಆರ್ 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಅನ್ನೋ ಹೆಸರಲ್ಲಿ ಶುರುವಾದ ಸಣ್ಣ ಹೋಟೆಲು. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವ, ಶಿಸ್ತು ನೋಡಿ ಬಂದರು. ವಾಪಸ್ ಬಂದು ತಮ್ಮಲ್ಲೂ ಪಾತ್ರೆಗಳನ್ನ ಬಿಸಿನೀರಿನ ಹಬೆಯಲ್ಲಿ ತೊಳೆಸೋ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆ ದಾಟಿಕೊಂಡು ಊಟದ ಹಾಲಿಗೆ ಹೋಗುವ ವ್ಯವಸ್ಥೆ ಬಹಳ ವರ್ಷ ಆ ಹೋಟೆಲಿನ ಗುರುತಾಗಿತ್ತು.

ನಮ್ಮ ಹೋಟೆಲು ಶುಚಿ ಅಂತ ಪೇಪರಿನಲ್ಲಿ ಹಾಕಿಸೋಕೆ ಪ್ರತಿ ಸಲ ದುಡ್ಡು ಬೇಕು. ಅಡುಗೆಮನೆ ತೋರಿಸೋಕೆ ಪ್ರತಿ ದಿನ ಶುಚಿ ಮಾಡಬೇಕು. ಎರಡೂ ಖರ್ಚೇ. ಎರಡನೆಯದನ್ನ ನೋಡಿದ ಗಿರಾಕಿ ಹೊರಗೆ ಹೋಗಿ ನಾಲ್ಕು ಜನಕ್ಕೆ ತಾನೇ ಹೇಳ್ತಾನೆ ಅನ್ನೋದು ಲಾಭ. ಲೆಕ್ಕದ ಪುಸ್ತಕದಲ್ಲಿ ಅದನ್ನ ಸೋಪು, ನೀರು, ಕೂಲಿ ಅಂತ ಬರೀತಾರೆ. ಮಾರ್ಕೆಟಿಂಗ್ ಅಂತ ಬರೆಯೋರು ಯಾರೂ ಇಲ್ಲ. ಸಣ್ಣ ವ್ಯಾಪಾರಿಗಳ ಮಾರ್ಕೆಟಿಂಗ್ ಬಜೆಟ್ಟು ಬಹಳ ಸಲ ಹೀಗೆ ಬೇರೆ ಹೆಸರಿನ ಕೆಳಗೆ ಅಡಗಿ ಕೂತಿರುತ್ತೆ. ಬೇಕರಿಯವನು ಮಗುವಿನ ಕೈಗೆ ಕೊಡೋ ಒಂದು ಬಿಸ್ಕೆಟ್, ಸೊಪ್ಪಿನವಳು ಹಾಕೋ ಕೊಸರು ಕರಿಬೇವು, ಟೈಲರ್ ದುಡ್ಡಿಲ್ಲದೆ ಹಾಕಿಕೊಡೋ ಗುಂಡಿ, ಎಲ್ಲಾ ಅದೇ ಬಾಬ್ತು.

ಹಾಲಿನ ಲೀಟರಿನಲ್ಲಿ ಕೂತ ಪೈಸೆ

ಒಬ್ಬೊಬ್ಬರೇ ಚಪ್ಪರ ಹಾಕಿಸೋಕೆ ಆಗದಿದ್ದರೆ ಎಲ್ಲರೂ ಸೇರಿ ಹಾಕಿಸಬಹುದು ಅನ್ನೋ ದಾರಿಯನ್ನ ನಮ್ಮ ಜಿಲ್ಲೆಯ ಕಡೆ ತೋರಿಸಿಕೊಟ್ಟಿದ್ದು ದ್ರಾಕ್ಷಿ ಬೆಳೆಗಾರರು. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಮುಂದೆ ಬೆಳೆದು ಹಾಪ್‌ಕಾಮ್ಸ್ ಆಯಿತು. ಬೆಂಗಳೂರಿನ ಬೀದಿ ಮೂಲೆಯ ಹಸಿರು ಮಳಿಗೆ ನಿಮಗೆಲ್ಲ ಗೊತ್ತಿರೋದೇ. ಮಳಿಗೆಯ ಬಾಡಿಗೆ, ತೂಗೋನ ಸಂಬಳ, ಲಾರಿ, ಕೊಳೆತು ಹೋಗೋ ಹಣ್ಣು, ಇವೆಲ್ಲವನ್ನೂ ಒಬ್ಬ ದ್ರಾಕ್ಷಿ ರೈತ ಹೊರೋದು ಸಾಧ್ಯವೇ ಇರಲಿಲ್ಲ. ಸಾವಿರಾರು ಜನ ಹಂಚಿಕೊಂಡರು.

ಹಾಲಿನ ಕತೆ ಇನ್ನೂ ದೊಡ್ಡದು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಕರ್ನಾಟಕದಲ್ಲಿ ಹೈನು ಅಭಿವೃದ್ಧಿ ಯೋಜನೆ ಆನಂದ್ ಮಾದರಿಯಲ್ಲಿ ಶುರುವಾಯಿತು, 1984ರಲ್ಲಿ ಅದು ಕೆಎಂಎಫ್ ಆಯಿತು. ನಂದಿನಿ ಹೆಸರು ಇವತ್ತು ಗೊತ್ತಿಲ್ಲದ ಮನೆ ಇಲ್ಲ. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿ ಮೇಲೆ ನಂದಿನಿ ಹೆಸರು ಕಂಡಾಗ ಆಫೀಸಿನಲ್ಲಿ ಎಲ್ಲರೂ ವಾಟ್ಸಾಪ್ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ನನಗೆ ಮಾತ್ರ ನಮ್ಮೂರ ಡೈರಿ ಮುಂದೆ ಬೆಳಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಸಾಲಲ್ಲಿ ನಿಲ್ಲೋ ಹೆಂಗಸರು ನೆನಪಾದರು. ಆ ಅಂಗಿಯ ಖರ್ಚು ಕೊನೆಗೆ ಬರೋದು ಅವರ ಲೀಟರಿನಿಂದಲೇ. ಎರಡು ಹಸು ಇಟ್ಟುಕೊಂಡ ಮನೆಯೂ ಮಾರ್ಕೆಟಿಂಗ್ ಬಜೆಟ್ ಇರೋ ಸಣ್ಣ ಉದ್ದಿಮೆಯೇ. ಅದರ ಪಾಲು ಪೈಸೆಯಲ್ಲಿ ಇರೋದರಿಂದ ಕಣ್ಣಿಗೆ ಕಾಣೋದಿಲ್ಲ ಅಷ್ಟೇ. ಪಾಲು ಕಾಣದೆ ಇದ್ದರೂ ಅದರ ಬಗ್ಗೆ ಪ್ರಶ್ನೆ ಕೇಳೋ ಹಕ್ಕು ಸಹಕಾರ ಸಂಘದ ಸದಸ್ಯರಿಗೆ ಇದೆ. ಅದು ಮಧ್ಯವರ್ತಿಯ ಹತ್ತಿರ ಸಿಗದ ಸವಲತ್ತು.

ಮಗ್ಗದ ಮನೆಯ ಪ್ರಶ್ನೆ

ಈಗ ದೊಡ್ಡಬಳ್ಳಾಪುರ ಟೌನಿಗೆ ಬರೋಣ. ಮಾಕಳಿದುರ್ಗದಿಂದ ಹತ್ತು ಕಿಲೋಮೀಟರ್ ಆಸುಪಾಸು. ನೇಕಾರರ ಬೀದಿಗೆ ಹೋದರೆ ಪವರ್‌ಲೂಮಿನ ಖಟಖಟ ಸದ್ದು ಬೆಳಗಿಂದ ರಾತ್ರಿವರೆಗೂ ಕೇಳುತ್ತೆ. ಸಾವಿರಾರು ಮಗ್ಗಗಳು. ಇಲ್ಲಿ ನೇಯ್ದ ಸೀರೆ ಬೆಂಗಳೂರಿನ ಚಿಕ್ಕಪೇಟೆ ಕಡೆಗೆ ಹೋಗುತ್ತೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತೆ. ಉಟ್ಟೋರಿಗೆ ಅದು ದೊಡ್ಡಬಳ್ಳಾಪುರದ ಸೀರೆ ಅಂತ ಗೊತ್ತಿರೋದೇ ಕಡಿಮೆ. ಗಂಧದ ಮರ ಮಾರುತ್ತಿದ್ದ ಮೈಸೂರಿನ ಪರಿಸ್ಥಿತಿ ಇದು. ಅದೇ ಕಾಲದಲ್ಲಿ, 1913ರಲ್ಲಿ, ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನ ಜನ ಇವತ್ತಿಗೂ ನಂಜನಗೂಡು ಹಲ್ಲುಪುಡಿ ಅಂತಲೇ ಕೇಳಿ ತಗೋತಾರೆ. ಊರಿನ ಹೆಸರು ಪೊಟ್ಟಣದ ಮೇಲೆ ಉಳಿದರೆ ಎಷ್ಟು ದೂರ ಹೋಗಬಹುದು ನೋಡಿ.

ನಮ್ಮ ಸಂಬಂಧಿಕರಲ್ಲಿ ನಾಲ್ಕು ಮಗ್ಗದ ಒಂದು ಮನೆ ಇದೆ. ಆ ಮನೆಯ ಹುಡುಗಿ ಬಿ.ಕಾಂ. ಮುಗಿಸಿದ್ದಾಳೆ. ನಾವೇ ಫೋನಲ್ಲಿ ಫೋಟೋ ಹಾಕಿ ನೇರ ಮಾರೋಣ ಅಂತ ಅವಳ ಹಟ. ಕಷ್ಟಕ್ಕೆ ಆಗೋನು ಸೇಟು, ನಿನ್ನ ಫೋನಲ್ಲ ಅಂತ ಅವರಪ್ಪ. ಇಬ್ಬರ ಮಾತಲ್ಲೂ ಸತ್ಯ ಇದೆ. ವರ್ಷ ವರ್ಷ ನೂಲಿನ ಬೆಲೆ ಏರುತ್ತೆ, ಮಜೂರಿ ಅಷ್ಟು ಏರೋದಿಲ್ಲ. ಹೀಗೇ ಇನ್ನೆರಡು ವರ್ಷ ಹೋದರೆ ಎರಡು ಮಗ್ಗ ಗುಜರಿಗೆ ಹಾಕಬೇಕಾಗುತ್ತೆ ಅನ್ನೋದು ಆ ಮನೆಯ ಲೆಕ್ಕ. ಹುಡುಗಿ ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಜಾಹೀರಾತಿಗೆ ಎಷ್ಟು ದುಡ್ಡು ಹಾಕ್ಲಿ?"

ಈ ಪ್ರಶ್ನೆಗೆ ಜಗತ್ತು ಹುಡುಕಿದ ಉತ್ತರಗಳ ಚರಿತ್ರೆಯೂ ಸ್ವಾರಸ್ಯವಾಗಿದೆ. ಅತಿ ಹಳೆಯದು, ಎಲ್ಲಾ ಖರ್ಚು ಹೋಗಿ ಉಳಿದದ್ದನ್ನ ಹಾಕೋದು. ಎರಡನೆಯದು, ಪಕ್ಕದ ಅಂಗಡಿಯವನು ಎಷ್ಟು ಹಾಕಿದನೋ ಅಷ್ಟು. ಮೂರನೆಯದು, ವಹಿವಾಟಿನಲ್ಲಿ ಶೇಕಡಾ ಇಷ್ಟು ಅಂತ ಎತ್ತಿಡೋದು. ಇದು ಇವತ್ತಿಗೂ ಬಹಳ ಚಾಲ್ತಿಯಲ್ಲಿದೆ, ಯಾಕಂದ್ರೆ ಲೆಕ್ಕ ಸುಲಭ. ಆದರೆ ಇದರಲ್ಲಿ ತಲೆಕೆಳಗಾದ ತರ್ಕ ಇದೆ. ವ್ಯಾಪಾರ ಬಿದ್ದಾಗ ಖರ್ಚೂ ಬೀಳುತ್ತೆ, ಜನಕ್ಕೆ ನೆನಪಿಸಬೇಕಾದ ಹೊತ್ತಲ್ಲೇ ಬಾಯಿ ಮುಚ್ಚಿಕೊಂಡ ಹಾಗಾಗುತ್ತೆ. ಜಾಹೀರಾತಿಗೆ ಹಾಕಿದ ದುಡ್ಡಲ್ಲಿ ಅರ್ಧ ದಂಡ, ಯಾವ ಅರ್ಧ ಅಂತ ಮಾತ್ರ ಗೊತ್ತಿಲ್ಲ ಅನ್ನೋ ಮಾತನ್ನ ಅಮೆರಿಕದವರು ಅಂಗಡಿ ಮಾಲೀಕ ವಾನಮೇಕರ್ ಹೆಸರಿಗೂ, ಇಂಗ್ಲೆಂಡಿನವರು ಸಾಬೂನು ದೊರೆ ಲೀವರ್‌ಹ್ಯೂಮ್ ಹೆಸರಿಗೂ ಕಟ್ಟಿದ್ದಾರೆ. 1961ರಲ್ಲಿ ರಸೆಲ್ ಕಾಲಿ ಅನ್ನೋವ್ರು ಅಮೆರಿಕದಲ್ಲಿ ಒಂದು ಪುಸ್ತಕ ಬರೆದು, ಮೊದಲು ಗುರಿಯನ್ನ ಅಳೆಯೋ ಹಾಗೆ ಬರೆದಿಡಿ, ಆಮೇಲೆ ಅದು ಮುಟ್ಟಿತಾ ಅಂತ ನೋಡಿ ಅಂತ ವಾದಿಸಿದರು. ಗುರಿ ಮೊದಲು, ಅದಕ್ಕೆ ಬೇಕಾದ ಕೆಲಸ ಆಮೇಲೆ, ಕೆಲಸದ ಖರ್ಚು ಕೂಡಿದರೆ ಬಜೆಟ್ಟು: ಇದು ನಾಲ್ಕನೆಯ ದಾರಿ.

ಘಾಟಿಯ ರೈತ ಈ ಪುಸ್ತಕ ಓದಿಲ್ಲ. ಆದರೆ ಅವನ ಗುರಿ ಅಳೆಯೋ ಹಾಗೇ ಇದೆ: ಒಂದು ಜೋಡಿ, ಇಂಥ ಬೆಲೆ, ತೇರಿನೊಳಗೆ.

ಮಗ್ಗದ ಮನೆಯ ಲೆಕ್ಕವನ್ನೂ ಅದೇ ರೀತಿ ಹಾಕೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ವ್ಯಾಪಾರಕ್ಕೆ ನಿಮ್ಮ ಅಂಕಿ ಹಾಕ್ಕೊಳ್ಳಿ. ಒಂದು ಸೀರೆಗೆ ನೂಲು, ಕೂಲಿ, ಕರೆಂಟು, ಮಗ್ಗದ ಸವಕಳಿ ಸೇರಿ 3,000 ರೂಪಾಯಿ ಅನ್ನಿ. ಸೇಟು ಕೊಡೋದು 3,400. ಅಂಗಡಿಯಲ್ಲಿ ಅದು ಮಾರಾಟ ಆಗೋದು 5,500ಕ್ಕೆ. ನಡುವಿನ 2,100 ರೂಪಾಯಿ ನೋಡಿ ಹುಡುಗಿಗೆ ಹೊಟ್ಟೆ ಉರಿಯೋದು ಸಹಜ. ಆದರೆ ಅದೆಲ್ಲ ಲಾಭ ಅಲ್ಲ. ಅದರಲ್ಲಿ ಅಂಗಡಿ ಬಾಡಿಗೆ ಇದೆ, ಸೀರೆ ಬಿಚ್ಚಿ ತೋರಿಸೋ ಹುಡುಗರ ಸಂಬಳ ಇದೆ, ಮಾರಾಟವಾಗದೆ ಉಳಿದ ಸೀರೆಯ ನಷ್ಟ ಇದೆ, ನೇಕಾರನಿಗೆ ಕೊಟ್ಟ ಮುಂಗಡದ ಬಡ್ಡಿ ಇದೆ, ಹಬ್ಬದ ಜಾಹೀರಾತೂ ಇದೆ. ನೇಕಾರನ ಮಾರ್ಕೆಟಿಂಗ್ ಬಜೆಟ್ಟು ಸೊನ್ನೆ ಅಂತ ನಾವು ಅಂದುಕೊಂಡಿದ್ದೆವಲ್ಲ, ಅದು ಈ 2,100ರೊಳಗೇ ಕೂತಿದೆ.

ಈಗ ಅವಳು ನೇರವಾಗಿ 4,800ಕ್ಕೆ ಮಾರುತ್ತಾಳೆ ಅನ್ನಿ. ಸೇಟು ಕೊಡೋದಕ್ಕಿಂತ 1,400 ಜಾಸ್ತಿ. ಇದರಲ್ಲಿ ಪ್ಯಾಕಿಂಗು, ಕೊರಿಯರ್‌ಗೆ 200. ವಾಪಸ್ ಬರೋ ಸೀರೆ, ಹಾಳಾಗೋ ಸೀರೆ ಅಂತ 150 ತೆಗೆದಿಡಿ. ಉಳೀತು 1,050. ಇಷ್ಟೆಲ್ಲ ಒದ್ದಾಡಿದ್ದಕ್ಕೆ ಮನೆಗೆ ಸೀರೆಗೆ 450 ಆದರೂ ಹೆಚ್ಚಿಗೆ ಉಳೀಬೇಕು, ಇಲ್ಲಾಂದ್ರೆ ಸೇಟುವೇ ವಾಸಿ. ಅದನ್ನು ಕಳೆದರೆ 600. ಒಬ್ಬ ಹೊಸ ಗಿರಾಕಿಯನ್ನ ಮನೆ ಬಾಗಿಲಿಗೆ ತರೋಕೆ ಅವಳು ಕೊಡಬಹುದಾದ ಅತಿ ಹೆಚ್ಚು ಬೆಲೆ ಇದು. ಹುಣಸೇಮರದ ಕೆಳಗಿನ ರೈತ ಮನಸ್ಸಲ್ಲೇ ಹಾಕಿದ ಲೆಕ್ಕ ಇದೇ. ಜೋಡಿ ಎಷ್ಟು ಹೊರುತ್ತೋ ಚಪ್ಪರ ಅಷ್ಟೇ.

ಗುರಿ: ಆಗಸ್ಟಿನ ವರಮಹಾಲಕ್ಷ್ಮಿ ಹಬ್ಬದೊಳಗೆ 20 ಸೀರೆ. ಹಾಗಾದರೆ ಬಜೆಟ್ಟು 12,000. ಅದನ್ನ ಒಂದೇ ಕಡೆ ಸುರಿಯೋದು ಬೇಡ. ಹಗಲು ಬೆಳಕಲ್ಲಿ ಸೀರೆಯ ಬಣ್ಣ ಸುಳ್ಳು ಹೇಳದ ಹಾಗೆ ಒಳ್ಳೆ ಫೋಟೋ ತೆಗೆಸೋಕೆ 3,000. ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಹಬ್ಬದ ಸಂತೆಯಲ್ಲಿ ಒಂದು ಮೇಜಿಗೆ, ಓಡಾಟಕ್ಕೆ 4,000. ಆನ್‌ಲೈನ್ ಜಾಹೀರಾತಿಗೆ 3,000. ಒಮ್ಮೆ ಕೊಂಡವರಿಗೆ ಮತ್ತೆ ಹೇಳೋಕೆ, ಒಂದು ಬ್ಲೌಸ್ ಪೀಸ್ ಕೊಡೋಕೆ ಅಂತ 2,000.

ಪ್ರತಿಯೊಂದಕ್ಕೂ ನಿಲ್ಲಿಸೋ ಗೆರೆ ಈಗಲೇ ಬರೆದಿಡಬೇಕು. ಆನ್‌ಲೈನ್‌ಗೆ ಹಾಕಿದ 3,000ಕ್ಕೆ ಕನಿಷ್ಠ 5 ಸೀರೆ ಹೋಗಬೇಕು. ಲೈಕು ಸಾವಿರ ಬಂದು ಸೀರೆ ಎರಡೇ ಹೋದರೆ ಅಲ್ಲಿಗೆ ಸಾಕು. ಸಂತೆಯ ಮೇಜಿಗೆ 7 ಸೀರೆ. ಕೊಂಡ ಪ್ರತಿಯೊಬ್ಬರನ್ನೂ "ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ ನೋಟ್‌ಬುಕ್ಕಲ್ಲಿ ಬರೆದುಕೊಂಡರೆ, ವಾನಮೇಕರ್‌ಗೆ ಗೊತ್ತಾಗದ ಆ ಅರ್ಧ ಯಾವುದು ಅಂತ ನಾಲ್ಕು ಮಗ್ಗದ ಮನೆಗೆ ಗೊತ್ತಾಗುತ್ತೆ. ಸಣ್ಣ ವ್ಯಾಪಾರಕ್ಕೆ ಇರೋ ಅನುಕೂಲ ಇದೇ. ಗಿರಾಕಿಗಳು ಇಪ್ಪತ್ತೇ ಜನ, ಎಲ್ಲರನ್ನೂ ಮಾತಾಡಿಸಬಹುದು.

ಎರಡನೇ ಸಲ ಬರೋ ಗಿರಾಕಿಗೆ ಆ 600 ರೂಪಾಯಿ ಮತ್ತೆ ಖರ್ಚಾಗೋದಿಲ್ಲ ಅನ್ನೋದನ್ನೂ ಮರೀಬಾರದು. ಘಾಟಿಯಲ್ಲಿ ಚಪ್ಪರ ಹಾಕಿಸೋ ರೈತನ ಹತ್ತಿರ ಮುಂದಿನ ವರ್ಷ ಹಳೇ ಗಿರಾಕಿ ಜಾತ್ರೆಗೆ ಕಾಯದೆ ನೇರ ಊರಿಗೇ ಬಂದು ಕೊಟ್ಟಿಗೆ ನೋಡೋದುಂಟು. ಆ ವರ್ಷ ಅವನಿಗೆ ಚಪ್ಪರದ ಅಗತ್ಯವೇ ಇಲ್ಲ.

ಅಪ್ಪನ ಮಾತಿಗೂ ಬಜೆಟ್ಟಿನಲ್ಲಿ ಜಾಗ ಬೇಕು. ನಾಲ್ಕು ಮಗ್ಗದಲ್ಲಿ ಮೂರು ಸೇಟುವಿಗೇ ನೇಯಲಿ. ಒಂದು ಮಗ್ಗ ಮಾತ್ರ ಹುಡುಗಿಯದು. ಸೀರೆ ಹೋಗದಿದ್ದರೂ ಅದು ಸೇಟುವಿಗೆ 3,400ಕ್ಕೆ ಹೋಗುತ್ತೆ, ಹೋದರೆ ಹೋಗೋದು 12,000 ಮಾತ್ರ. ಆ 12,000 ಹೋದರೂ ಮನೆ ನಡೆಯೋ ಹಾಗಿರಬೇಕು, ಅದನ್ನ ಸಾಲ ತಂದು ಹಾಕಬಾರದು. ಒಂದೇ ದಾರಿಯನ್ನ ನೆಚ್ಚಿಕೊಂಡವರ ಪಾಡು ಏನಾಗುತ್ತೆ ಅಂತ ಕೊರೊನಾ ವರ್ಷಗಳಲ್ಲಿ, ಆಮೇಲೆ ಚರ್ಮಗಂಟು ರೋಗ ಬಂದಾಗ ದನದ ಜಾತ್ರೆಗಳಿಗೆ ಅಡ್ಡಿಯಾದಾಗ ಈ ಸೀಮೆಯ ರೈತರು ನೋಡಿದ್ದಾರೆ. ವರ್ಷವಿಡೀ ಮೇಯಿಸಿದ ಜೋಡಿ ಕೊಟ್ಟಿಗೆಯಲ್ಲೇ ನಿಂತಿತ್ತು, ಹಿಂಡಿಯ ಖರ್ಚು ಮಾತ್ರ ನಿಲ್ಲಲಿಲ್ಲ. ನಾಳೆ ಯಾವುದೋ ಆ್ಯಪಿನವರು ನಿಯಮ ಬದಲಾಯಿಸಿದರೂ ಕತೆ ಇದೇ. ಸಂತೆಯ ಮೇಜು, ನೋಟ್‌ಬುಕ್ಕಿನ ಫೋನ್ ನಂಬರು, ಸೇಟು ಮೂರೂ ಇದ್ದರೆ ಒಂದು ಮುಚ್ಚಿದರೆ ಇನ್ನೊಂದು ತೆರೆದಿರುತ್ತೆ.

ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇಂಥ ಒಂದು ಸಣ್ಣ ವ್ಯಾಪಾರ ಇದ್ದೇ ಇರುತ್ತೆ. ಅಮ್ಮನ ಚಟ್ನಿಪುಡಿ, ಅತ್ತಿಗೆಯ ಟೈಲರಿಂಗು, ತಮ್ಮನ ಗಾಣದೆಣ್ಣೆ. ಅವರು ಫೋನ್ ಮಾಡಿ ಜಾಹೀರಾತಿಗೆ ಎಷ್ಟು ಹಾಕಲಿ ಅಂತ ಕೇಳಿದಾಗ ಒಂದು ಅಂಕಿ ಹೇಳಿ ಮುಗಿಸಬೇಡಿ. ಈಗ ಕೊಳ್ಳೋರನ್ನ ಯಾರು ಹುಡುಕಿಕೊಡ್ತಿದ್ದಾರೆ, ಅದಕ್ಕೆ ಎಷ್ಟು ಮುರ್ಕೋತಿದ್ದಾರೆ ಅಂತ ಮೊದಲು ಕೇಳಿ. ಆ ಅಂಕಿ ಹಾಳೆಯ ಮೇಲೆ ಬಂದ ದಿನವೇ ಅವರ ಬಜೆಟ್ಟು ಅರ್ಧ ಆದ ಹಾಗೆ. ಗಂಧದ ಕೊರಡು ಗೋದಾಮಿನಲ್ಲಿ ರಾಶಿ ಬಿದ್ದಾಗ ಮೈಸೂರಿನವರು ಶುರು ಮಾಡಿದ್ದೂ ಆ ಲೆಕ್ಕದಿಂದಲೇ.